ಸಿಮ್ಮು ಅವನದು, ದನಿ ಅವಳದು

ಕಾಲೇಜು ಮುಗಿಸಿದ ಹುಡುಗ ಹುಡುಗಿಯರು ಕೆಲವರು ನಮ್ಮ ಹಳೆಯ ಕಚೇರಿಗೆ ಸೇರುವ ಮೊದಲು ನನ್ನ ಮನೆಗೆ ಬಂದು ವಿಚಾರಿಸುತ್ತಾರೆ. ‘ಅಲ್ಲಿ ಏನ್ ಕೆಲ್ಸ ಮೇಡಂ, ಫೋನ್ ಮಾಡೋದಾ?’ ಎನ್ನುತ್ತಾರೆ. ಫೋನ್ ಮಾಡುವವರು ಬೇರೆ. ನನ್ನದು ಮಾಡಿದ ಫೋನುಗಳ ದಾಖಲೆ ಇಡುವ ಕೆಲಸವಾಗಿತ್ತು. ಯಾರಿಗೆ ಕರೆ ಹೋಯಿತು, ಅವರು ಏನೆಂದರು, ಇನ್ನು ಮುಂದೆ ಮಾಡಬೇಡಿ ಎಂದವರು ಯಾರು, ನನ್ನ ವಿವರ ನಿಮ್ಮಲ್ಲಿ ಏನೇನಿದೆ ತೋರಿಸಿ ಎಂದವರು ಯಾರು, ಅದನ್ನು ಅಳಿಸಿ ಎಂದವರು ಯಾರು ಎಂಬುದೆಲ್ಲ ನನ್ನ ಮೇಜಿಗೆ ಬರುತ್ತಿತ್ತು. ಇಷ್ಟು ಹೇಳಿದರೆ ಅವರ ಮುಖ ಸಪ್ಪಗಾಗುತ್ತದೆ. ಅದಕ್ಕೇ ಬರೆದಿಡೋಣ ಎನಿಸಿತು.

ಒಂದು ಮಾತನ್ನು ಮೊದಲೇ ಹೇಳಬೇಕು. ನಾನು ಇತಿಹಾಸದಲ್ಲಿ ಎಂ.ಎ. ಓದಿದವಳು. ನಡೆದದ್ದಕ್ಕೂ ಬರೆದಿಟ್ಟದ್ದಕ್ಕೂ ನಡುವೆ ಎಷ್ಟು ದೂರವಿರುತ್ತದೆ ಎಂಬುದಷ್ಟೇ ಆ ಓದಿನಿಂದ ಉಳಿದಿರುವುದು. ದಿನಚರಿ ಬರೆಯುವ ಅಭ್ಯಾಸ ನನಗಿದೆ. ಆದರೆ ಅದನ್ನು ತೆರೆದು ನೋಡಿದರೆ ನೆನಪು ಒಂದು ಹೇಳುತ್ತದೆ, ದಿನಚರಿ ಇನ್ನೊಂದು ಹೇಳುತ್ತದೆ. ಎರಡೂ ಕೂಡದ ಕಡೆ ಹಾಗೆಂದು ಹೇಳಿಬಿಡುತ್ತೇನೆ. ಹೆಸರುಗಳನ್ನೆಲ್ಲ ಬದಲಿಸಿದ್ದೇನೆ.

ಕಚೇರಿ ಇದ್ದದ್ದು ಕಡೂರಿನಲ್ಲಿ, ಟೈಲ್ಸ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಮಿಕ್ಸಿ, ಗ್ಯಾಸ್ ಒಲೆ, ಹೊಲಿಗೆ ಮಿಷನ್ ಮಾರುವ ಕಂಪನಿಗಳ ಪರವಾಗಿ ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಊರುಗಳಿಗೆಲ್ಲ ಇಲ್ಲಿಂದ ಫೋನ್ ಹೋಗುತ್ತಿತ್ತು. ಊರಿನವರ ದನಿಯಲ್ಲೇ ಮಾತಾಡಿದರೆ ಜನ ಫೋನ್ ಇಡುವುದಿಲ್ಲ ಎಂಬ ಲೆಕ್ಕಾಚಾರ. ಆ ಲೆಕ್ಕ ಸರಿಯಾಗಿಯೇ ಇತ್ತು. ತೊಂದರೆ ಶುರುವಾದದ್ದೂ ಅಲ್ಲಿಂದಲೇ.

ನಮ್ಮ ಸಾಫ್ಟ್‌ವೇರ್‌ನಲ್ಲಿ ಪ್ರತಿ ಕರೆಗೂ ಒಂದು ಫಲಿತಾಂಶ ಹಾಕಬೇಕಿತ್ತು: ಆಸಕ್ತಿ ಇದೆ, ಆಸಕ್ತಿ ಇಲ್ಲ, ಮತ್ತೆ ಕರೆ ಮಾಡಿ. ನಮ್ಮ ಕಡೆಯ ಜನ ಎದುರಿನವರ ಮುಖಕ್ಕೆ ‘ಬೇಡ’ ಎನ್ನುವುದಿಲ್ಲ, ಫೋನಿನಲ್ಲೂ ಎನ್ನುವುದಿಲ್ಲ. ‘ನೋಡಾಣ’ ಎನ್ನುತ್ತಾರೆ. ಕರೆ ಮಾಡುತ್ತಿದ್ದ ರೇಖಾ ಎಂಬ ಹುಡುಗಿ ‘ನೋಡಾಣ’ ಎಂದವರನ್ನೆಲ್ಲ ‘ಆಸಕ್ತಿ ಇದೆ’ಗೆ ಹಾಕುತ್ತಿದ್ದಳು. ಅಜ್ಜಂಪುರದ ಕಡೆಯ ಬಸಪ್ಪ ಎಂಬ ಹಿರಿಯರಿಗೆ ಹೀಗೆ ಗ್ಯಾಸ್ ಒಲೆಯ ಕರೆ ಹೋಗುತ್ತಲೇ ಇತ್ತು. ಅವರ ಕರೆಗಳ ಧ್ವನಿಮುದ್ರಣ ಕೇಳಿದ್ದೇನೆ.

‘ಒಲೆ ತಗಳ್ತೀರಾ ಸಾರ್?’

‘ತಗಳಣ ಕಣವ್ವ, ತಗಳ್ದೆ ಏನು. ಈರುಳ್ಳಿ ಬರ್ಲಿ. ನೀನು ಊಟ ಮಾಡ್ದಾ?’

‘ಇಲ್ಲ ಸಾರ್, ಇನ್ನೂ.’

‘ಇಷ್ಟೊತ್ತಾದ್ರೂ ಊಟ ಇಲ್ದೆ ಮಾತಾಡುಸ್ತಾರಾ ನಿನ್ನ? ಯಾವನವ್ವ ನಿಮ್ ಯಜಮಾನ? ಕೊಡು ಫೋನು.’

ಎಲ್ಲ ಕರೆಗಳೂ ಹೆಚ್ಚು ಕಡಿಮೆ ಹೀಗೇ ಮುಗಿಯುತ್ತಿದ್ದವು. ಕೊನೆಗೊಂದು ದಿನ ಅವರೇ ಕಚೇರಿಗೆ ಬಂದರು. ಹೆಗಲ ಮೇಲೆ ಟವೆಲ್ಲು, ಮೆಟ್ಟಿಲು ಹತ್ತಿದ ಏದುಸಿರು, ಎಲ್ಲವೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ದಿನಚರಿ ಮಾತ್ರ ‘ಬಸಪ್ಪನವರ ಫೋನ್ ಬಂತು’ ಎನ್ನುತ್ತದೆ. ಬಂದದ್ದು ಮನುಷ್ಯನೋ ಫೋನೋ ನಾನೀಗ ಪ್ರಮಾಣ ಮಾಡಿ ಹೇಳಲಾರೆ. ಮಾತಿನಲ್ಲಿ ಮಾತ್ರ ಅನುಮಾನವಿಲ್ಲ. ‘ಅಲ್ಲ ಕಣ್ರೀ, ಬ್ಯಾಡ ಅಂತ ಎಷ್ಟ್ ಸಲ ಹೇಳಾದು? ಬೈದೇ ಹೇಳ್ಬೇಕಾ? ಹೆಣ್ಮಗೀನ ಬೈಯ್ಯಕ್ ಆಯ್ತದಾ?’

ನಾನು ಕೇಳಿದ ಮುದ್ರಣಗಳಲ್ಲಿ ಅವರು ಒಮ್ಮೆಯೂ ಬೇಡ ಎಂದಿರಲಿಲ್ಲ. ಅವರ ಪ್ರಕಾರ ಪ್ರತಿ ಸಲವೂ ಎಂದಿದ್ದರು.

ಇದಾದ ಮೇಲೆ ‘ಮರ್ಯಾದೆಗೆ ಹೇಳಿದ್ದು’ ಎಂಬ ನಾಲ್ಕನೆಯ ಫಲಿತಾಂಶ ಸೇರಿಸೋಣ ಎಂದು ನಮ್ಮ ಮ್ಯಾನೇಜರ್ ಗಿರಿಧರ್ ಅವರಿಗೆ ಹೇಳಿದೆ. ದಾವಣಗೆರೆಯ ಕಡೆಯವರು, ನನಗಿಂತ ಚಿಕ್ಕವರು. ಏನನ್ನಾದರೂ ಹೊಸದಾಗಿ ಮಾಡಬೇಕೆಂದರೆ ಹೆಡ್ ಆಫೀಸಿನ ಮುಖ ಅವರ ಕಣ್ಣ ಮುಂದೆ ಬರುತ್ತಿತ್ತು.

‘ಇದನ್ನ ಇಂಗ್ಲಿಷಲ್ಲಿ ಏನಂತ ಕಳಿಸ್ಲಿ ಮೇಡಂ? ಅಲ್ಲಿ ಕೂತವರಿಗೆ ಅರ್ಥ ಆಗಬೇಕಲ್ಲ.’

‘ಆಸಕ್ತಿ ಇಲ್ಲ ಅಂತಲೇ ಕಳಿಸಿ. ನಮಗೆ ಮಾತ್ರ ಬೇರೆ ಇರಲಿ.’

ಅವರು ಒಪ್ಪಿದರು. ಆ ತಿಂಗಳು ‘ಆಸಕ್ತಿ ಇದೆ’ ಎಂಬವರ ಸಂಖ್ಯೆ ಎಷ್ಟು ಇಳಿಯಿತೆಂದರೆ, ಹೆಡ್ ಆಫೀಸಿನವರು ಕಡೂರಿನಲ್ಲಿ ಮುಷ್ಕರವೇನಾದರೂ ನಡೆದಿದೆಯೇ ಎಂದು ಕೇಳಿದರು.

ಇನ್ನೊಂದು ಪ್ರಸಂಗ ಯಗಟಿಯ ಕಡೆಯದು. ಕುರಿ ಸಾಕುವ ತಿಪ್ಪೇಶ ಎಂಬವನು ಫೋನ್ ಮಾಡಿ, ‘ನನ್ ನಂಬರಿಗೆ ಇನ್ನ್ ಮ್ಯಾಲೆ ಯಾರೂ ಮಾಡಂಗಿಲ್ಲ’ ಎಂದ. ನೇರವಾಗಿ ಹೇಳುವ ಇಂಥವರು ಅಪರೂಪ. ನಾನು ಸಂತೋಷದಿಂದಲೇ ಅವನ ನಂಬರನ್ನು ‘ಕರೆ ಬೇಡ’ ಪಟ್ಟಿಗೆ ಸೇರಿಸಿದೆ. ಆ ಪಟ್ಟಿಗೆ ಸೇರಿದ ನಂಬರನ್ನು ನಮ್ಮ ಯಂತ್ರ ಒತ್ತುವುದೇ ಇಲ್ಲ. ಕೆಲವು ವಾರಗಳ ಮೇಲೆ ಈರಮ್ಮ ಎಂಬ ಹೆಂಗಸು ಗ್ಯಾಸ್ ಒಲೆಯೊಂದನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತಂದು ನನ್ನ ಮೇಜಿನ ಮೇಲೇ ಇಟ್ಟಳು.

‘ರಿಪೇರಿಗೆ ಬತ್ತೀವಿ, ಮೊದ್ಲು ಫೋನ್ ಮಾಡ್ತೀವಿ ಅಂದ್ರಿ. ಯಾರ್ ಮಾಡಿದ್ರಿ?’

ದಾಖಲೆ ನೋಡಿದರೆ ಅವಳ ನಂಬರು ತಿಪ್ಪೇಶನ ನಂಬರೇ. ಅವನ ಬೀದಿಯ ಹಲವು ಮನೆಗಳವರು ಎಲ್ಲ ಕಡೆಯೂ ಅವನ ನಂಬರನ್ನೇ ಬರೆಸಿದ್ದರು. ಅವನ ಫೋನು ಯಾವಾಗಲೂ ಚಾರ್ಜಿನಲ್ಲಿ ಇರುತ್ತಿತ್ತಂತೆ, ಅದಕ್ಕೆ. ಅವನೊಬ್ಬ ಬೇಡ ಎಂದದ್ದಕ್ಕೆ ಒಂದು ಬೀದಿಯೇ ನಮಗೆ ಮುಚ್ಚಿಹೋಗಿತ್ತು.

ನಮ್ಮ ಪೂರ್ತಿ ವ್ಯವಸ್ಥೆ ಒಂದು ನಂಬರು ಎಂದರೆ ಒಬ್ಬ ಮನುಷ್ಯ ಎಂಬ ನಂಬಿಕೆಯ ಮೇಲೆ ನಿಂತಿದೆ. ಹೊಸದಾಗಿ ಸೇರುವವರಿಗೆ ನಾನು ಹೇಳಬಹುದಾದ ಉಪಯೋಗದ ಮಾತು ಇದ್ದರೆ ಇದೊಂದೇ. ನಂಬರನ್ನು ನೋಡಿ ಮನುಷ್ಯರನ್ನು ಊಹಿಸಬೇಡಿ. ಈ ಮಾತು ನನಗೆ ಗಟ್ಟಿಯಾದದ್ದು ಮುಂದೆ ಹೇಳುವ ಸಂಗತಿಯಿಂದ.

ಖಾಸಗಿ ಮಾಹಿತಿಯ ಹೊಸ ನಿಯಮಗಳ ಮಾತು ಶುರುವಾದಾಗ ಹೆಡ್ ಆಫೀಸಿನಿಂದ ಒಂದು ಕ್ರಮ ಬಂತು. ಯಾರಾದರೂ ‘ನನ್ನ ಮಾಹಿತಿ ಕೊಡಿ’ ಎಂದರೆ, ಅವರು ಹೇಳಿದ ನಂಬರಿಗೆ ಒಂದು ಒಟಿಪಿ ಕಳಿಸಬೇಕು. ಅವರು ಆ ಅಂಕಿಗಳನ್ನು ಹೇಳಿದರೆ ಅವರೇ ನಂಬರಿನ ಒಡೆಯರು. ಆಗ ಅವರ ವಿಳಾಸ, ಕೊಂಡ ಸಾಮಾನು, ಧ್ವನಿಮುದ್ರಣ ಎಲ್ಲದರ ಪ್ರತಿ ಕೊಡಬೇಕು. ‘ಅಳಿಸಿ’ ಎಂದು ಕೇಳಿದರೂ ಇದೇ ಕ್ರಮ.

ಒಂದು ಶನಿವಾರ ಮಧ್ಯಾಹ್ನ ಲೋಕೇಶ ಎಂಬುವನು ಬಂದ. ಅಂತರಘಟ್ಟೆಯ ಕಡೆಯವನು, ಮೂವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ. ಮೆಲುವಾಗಿ ಮಾತಾಡುತ್ತಿದ್ದ. ತನ್ನ ಫೋನಿಗೆ ಬಂದ ನಮ್ಮ ಸಂದೇಶವೊಂದನ್ನು ತೋರಿಸಿದ. ‘ನಿಮ್ಮ ಹೊಲಿಗೆ ಯಂತ್ರ ಸುಸ್ಥಿತಿಯಲ್ಲಿ ತಲುಪಿತೇ?’ ಎಂದಿತ್ತು.

‘ನಾನ್ ಯಾವ್ದೂ ಮಿಷನ್ ತರ್ಸಿಲ್ಲ ಮೇಡಂ. ನನ್ ಹೆಂಡ್ರು ತರ್ಸವ್ರೆ ಅನ್ಸುತ್ತೆ. ಅವ್ಳ ಹತ್ರ ಇರೋ ಸಿಮ್ಮೂ ನನ್ ಹೆಸ್ರಲ್ಲೇ ಐತೆ. ಮಿಷನ್ ಎಲ್ಲಿಗ್ ಕಳಿಸಿದ್ರಿ ಅಂತ ಅಡ್ರೆಸ್ ಬೇಕಿತ್ತು.’

‘ಅವರನ್ನೇ ಕೇಳಬಹುದಲ್ಲ?’

‘ಅವ್ಳು ಮನೇಲಿಲ್ಲ’ ಎಂದ. ಆಮೇಲೆ, ‘ಎಲ್ಲವ್ಳೋ ಗೊತ್ತಿಲ್ಲ. ನಾನ್ ಫೋನ್ ಮಾಡಿದ್ರೆ ಕಟ್ ಮಾಡ್ತಾಳೆ’ ಎಂದ.

ಆದದ್ದು ಇಷ್ಟು. ಆ ಮನೆಯವರು ಮೊದಲು ನಮ್ಮಲ್ಲಿ ಮಿಕ್ಸಿ ಕೊಂಡಾಗ ಗಂಡನ ನಂಬರನ್ನು ಎರಡನೆಯ ನಂಬರಾಗಿ ಬರೆಸಿದ್ದರು. ಹೆಂಡತಿ, ಅವಳನ್ನು ಸುಜಾತ ಎನ್ನುತ್ತೇನೆ, ಮನೆ ಬಿಟ್ಟುಹೋದ ಮೇಲೆ ಹೊಲಿಗೆ ಮಿಷನ್‌ಗೆ ಹೊಸ ವಿಳಾಸ ಕೊಟ್ಟಿದ್ದಳು. ಎರಡನೆಯ ನಂಬರು ಮಾತ್ರ ಹಳೆಯದೇ ಉಳಿದಿತ್ತು. ನಮ್ಮ ಯಂತ್ರ ಎರಡಕ್ಕೂ ಸಂದೇಶ ಕಳಿಸಿತ್ತು.

ಕ್ರಮದ ಪ್ರಕಾರ ದಾಖಲೆಯ ಮೊದಲ ನಂಬರಿಗೆ, ಅಂದರೆ ಅವಳ ಹತ್ತಿರವಿದ್ದ ಸಿಮ್ಮಿಗೆ ಹೋಗುವ ಒಟಿಪಿ ಬೇಕು ಎಂದೆ. ಅವನು ಯೋಚಿಸಿದ.

‘ಸಿಮ್ ನನ್ ಹೆಸ್ರಲ್ಲಿ ಐತಲ್ಲ, ಡೂಪ್ಲಿಕೇಟ್ ಮಾಡ್ಸಿದ್ರೆ ಒಟಿಪಿ ನಂಗೇ ಬತ್ತದೆ. ಅಲ್ವಾ?’

ಅಲ್ಲ ಎನ್ನಲು ಬರುವಂತಿರಲಿಲ್ಲ. ‘ಬರುತ್ತೆ’ ಎಂದೆ.

‘ಹಂಗಾದ್ರೆ ಸೋಮವಾರ ಬತ್ತೀನಿ’ ಎಂದು ನಮಸ್ಕಾರ ಹೇಳಿ ಹೋದ.

ಅವನು ಹೋದ ಮೇಲೆ ಸುಜಾತಳ ದಾಖಲೆ ತೆಗೆದೆ. ಮಿಷನ್ ತರಿಸಿದ ಕರೆಯಲ್ಲಿ ಅವಳ ದನಿ ಇತ್ತು. ಮನೆಯ ಗುರುತು ಹೇಳುತ್ತಿದ್ದಳು, ನೀರಿನ ಟ್ಯಾಂಕು, ಅದರ ಎದುರು ಹಸಿರು ಬಾಗಿಲು. ಕೊನೆಗೆ, ‘ಮಿಷನ್ ಬಂದ್ಮೇಲೆ ಈ ನಂಬರಿಗೆ ಯಾರೂ ಫೋನ್ ಮಾಡ್ಬೇಡಿ, ಬರ್ಕೊಳಿ’ ಎಂದಿದ್ದಳು. ಮುದ್ರಣ ಕೇಳಿ ಬರೆದುಕೊಂಡವಳು ನಾನೇ. ಅವಳ ನಂಬರು ‘ಕರೆ ಬೇಡ’ ಪಟ್ಟಿಯಲ್ಲಿತ್ತು.

ಗಿರಿಧರ್ ಅವರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ.

‘ಸೋಮವಾರ ಒಟಿಪಿ ತಂದರೆ ಕೊಡಬೇಕು ಮೇಡಂ’ ಎಂದರು.

‘ದನಿ ಅವಳದು ಸಾರ್. ಅಡ್ರೆಸ್ಸೂ ಅವಳದು.’

‘ನಂಬರು?’

‘ಅವನ ಹೆಸರಲ್ಲಿದೆ.’

‘ನಮ್ಮ ಕಣ್ಣಿಗೆ ಕಾಣೋದು ನಂಬರು ಮಾತ್ರ.’ ಆಮೇಲೆ ಅವರೇ ಹೆಡ್ ಆಫೀಸಿಗೆ ಫೋನ್ ಮಾಡಿ ಕೇಳಿದರು. ಒಟಿಪಿ ಸರಿಯಾಗಿದ್ದರೆ ಸಾಕು, ಕುಟುಂಬದ ವಿಷಯಕ್ಕೆ ತಲೆಹಾಕಬೇಡಿ ಎಂಬ ಉತ್ತರ ಬಂತು. ಗಿರಿಧರ್ ಕೆಟ್ಟ ಮನುಷ್ಯರಲ್ಲ. ಫೋನ್ ಇಟ್ಟು ನನ್ನ ಮುಖ ನೋಡದೆ, ‘ಅವನೂ ಪಾಪ ಹುಡುಕ್ತಾ ಇರಬಹುದು’ ಎಂದರು. ಇರಬಹುದು, ನನಗೂ ಹಾಗೆ ಅನಿಸಿತ್ತು.

ಆದರೆ ಅವಳು ಆ ವಿಳಾಸ ಕೊಟ್ಟದ್ದು ಮಿಷನ್ ಬರಲಿ ಎಂದು. ಅದು ಸೋಮವಾರ ನಮ್ಮ ಕೈಯಿಂದಲೇ ಅವನ ಕೈಗೆ ಹೋಗುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅವಳನ್ನು ಎಚ್ಚರಿಸೋಣ ಎಂದರೆ ನಮ್ಮ ಯಂತ್ರ ಆ ನಂಬರನ್ನು ಒತ್ತುವುದಿಲ್ಲ. ಗ್ರಾಹಕರ ನಂಬರನ್ನು ಸ್ವಂತ ಫೋನಿಗೆ ತೆಗೆದುಕೊಂಡರೆ ಕೆಲಸ ಹೋಗುತ್ತದೆ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವಳೂ ನಾನೇ. ಆದರೂ ಸಂಜೆ ಬಸ್ ನಿಲ್ದಾಣದಲ್ಲಿ ನಿಂತು ನನ್ನ ಫೋನಿನಿಂದ ಕರೆ ಮಾಡಿದೆ. ರಿಂಗಾಯಿತು, ಕಟ್ ಆಯಿತು. ಮತ್ತೆ ಮಾಡಿದೆ, ಮತ್ತೆ ಕಟ್ ಆಯಿತು. ಯಾರೂ ಫೋನ್ ಮಾಡಬೇಡಿ ಎಂದು ಬರೆಸಿದವಳು ಗುರುತಿಲ್ಲದ ನಂಬರನ್ನು ಏಕೆ ಎತ್ತುತ್ತಾಳೆ? ಸಂದೇಶ ಕಳಿಸಿದರೆ ಅದೂ ಗಂಡನ ಉಪಾಯ ಎಂದುಕೊಂಡಾಳು.

ಭಾನುವಾರ ಬೆಳಿಗ್ಗೆ ತರೀಕೆರೆಗೆ ಹೋಗಿ ಅಲ್ಲಿಂದ ಲಿಂಗದಹಳ್ಳಿ ಕಡೆಯ ಬಸ್ಸು ಹತ್ತಿದೆ. ಎಲ್ಲಿ ಇಳಿದೆ ಎಂದು ಬರೆಯುವುದಿಲ್ಲ. ಆಗ ಧೈರ್ಯವಿತ್ತೇ, ಹಟವಿತ್ತೇ, ಬರೀ ಕುತೂಹಲವಿತ್ತೇ ಎಂದು ಆಮೇಲೆ ಹಲವು ಸಲ ಕೇಳಿಕೊಂಡಿದ್ದೇನೆ. ಅವತ್ತಿನ ದಿನಚರಿಯಲ್ಲಿ ಬಸ್ಸಿನಲ್ಲಿ ಸೀಟು ಸಿಗಲಿಲ್ಲ ಎಂಬುದು ಮಾತ್ರ ವಿವರವಾಗಿದೆ.

ಹಸಿರು ಬಾಗಿಲು ಹುಡುಕುವುದು ಕಷ್ಟವಾಗಲಿಲ್ಲ. ಒಳಗೆ ಮಿಷನ್ ಓಡುವ ಸದ್ದು ಕೇಳುತ್ತಿತ್ತು. ಬಾಗಿಲು ಬಡಿದೆ, ಸದ್ದು ನಿಂತಿತು. ಬಾಗಿಲು ಅರ್ಧ ಮಾತ್ರ ತೆರೆಯಿತು. ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡಿದ್ದ ಹೆಂಗಸು ನಿಂತಿದ್ದಳು.

‘ಬ್ಲೌಸಾ?’

‘ಅಲ್ಲ. ನಾನು ಕಡೂರಿಂದ ಬಂದೆ. ಮಿಷನ್ ಕಂಪನಿ ಪರವಾಗಿ ಫೋನ್ ಮಾಡ್ತಾರಲ್ಲ, ಆ ಆಫೀಸು.’

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ಫೋನ್ ಮಾಡ್ಬೇಡಿ ಅಂದಿದ್ದಕ್ಕೆ ಮನೇಗೇ ಬಂದ್ಬಿಟ್ರಾ?’

ನಿಮ್ಮ ಯಜಮಾನರು ನಿನ್ನೆ ಕಚೇರಿಗೆ ಬಂದಿದ್ದರು ಎಂದೆ. ಬಾಗಿಲು ಪೂರ್ತಿ ತೆರೆಯಿತು. ನಾನು ಒಳಗೆ ಹೋದ ಕೂಡಲೇ ಚಿಲಕ ಹಾಕಿದಳು.

ಸಂದೇಶ, ಡೂಪ್ಲಿಕೇಟ್ ಸಿಮ್ಮು, ಒಟಿಪಿ, ಸೋಮವಾರ ಎಲ್ಲವನ್ನೂ ಹೇಳಿದೆ. ಅವಳು ನಿಂತೇ ಕೇಳಿದಳು. ನಡುವೆ ಒಂದೇ ಪ್ರಶ್ನೆ ಹಾಕಿದಳು. ‘ನಾನು ಅಡ್ರೆಸ್ ಹೇಳಿದ್ದು ಒಬ್ಳು ಹುಡ್ಗಿಗೆ. ನಿಮ್ಗೆ ಹೆಂಗ್ ಗೊತ್ತಾಯ್ತು?’

‘ಎಲ್ಲ ಕರೆನೂ ಮುದ್ರಣ ಆಗುತ್ತೆ. ನಾನು ಕೇಳ್ತೀನಿ. ಅದೇ ನನ್ನ ಕೆಲಸ.’

‘ಇನ್ನೂ ಎಷ್ಟ್ ಜನ ಕೇಳ್ತಾರೆ?’

‘ಕೇಳಬೇಕು ಅಂತ ಹೊರಟರೆ ಆಫೀಸಲ್ಲಿರೋ ಯಾರು ಬೇಕಾದರೂ.’

‘ಚೆನ್ನಾಗೈತೆ’ ಎಂದಳು. ಆ ಮಾತಿನ ದನಿ ಈಗಲೂ ನನಗೆ ಕೇಳುತ್ತದೆ, ಅಥವಾ ಕೇಳುತ್ತದೆ ಎಂದುಕೊಂಡಿದ್ದೇನೆ.

ಮುಂದೆ ಏನು ಮಾಡಬೇಕೆಂದು ಹೇಳಿದೆ. ನಮ್ಮ ನಂಬರಿಗೆ ‘ಅಳಿಸಿ’ ಎಂದು ಸಂದೇಶ ಕಳಿಸಿದರೆ ಒಟಿಪಿ ಬರುತ್ತದೆ; ‘ಕರೆ ಬೇಡ’ ಪಟ್ಟಿ ತಡೆಯುವುದು ಕರೆಗಳನ್ನು ಮಾತ್ರ. ಸಿಮ್ಮು ಇನ್ನೂ ಅವಳ ಫೋನಿನಲ್ಲೇ ಜೀವಂತ ಇರುವುದರಿಂದ ಅದು ಅವಳಿಗೇ ಬರುತ್ತದೆ. ಅವಳು ಅಂಕಿ ಒತ್ತಿದರೆ, ನಮ್ಮ ಕ್ರಮದ ಪ್ರಕಾರ ನಂಬರಿನ ಒಡತಿ ಅವಳೇ. ನಾಳೆ ಅವನನ್ನು ಒಡೆಯನನ್ನಾಗಿ ಮಾಡಲಿದ್ದ ನಿಯಮವೇ ಇವತ್ತು ಅವಳನ್ನು ಒಡತಿಯನ್ನಾಗಿ ಮಾಡುತ್ತಿತ್ತು. ಸಂದೇಶ ಕಳಿಸಿದಳು. ಒಟಿಪಿ ಬರುವವರೆಗೆ ಇಬ್ಬರೂ ಫೋನನ್ನೇ ನೋಡುತ್ತ ನಿಂತಿದ್ದೆವು. ಅಲ್ಲಿ ಸಿಗ್ನಲ್ಲು ಸರಿಯಿರಲಿಲ್ಲ. ಕಿಟಕಿಯ ಹತ್ತಿರ ಹೋದಳು, ಮಿಷನ್ ಮುಂದಿನ ಸ್ಟೂಲಿನ ಮೇಲೆ ಹತ್ತಿ ಫೋನನ್ನು ಎತ್ತಿ ಹಿಡಿದಳು. ಬಂತು. ಒತ್ತಿದಳು. ನಾಳೆ ಬೆಳಿಗ್ಗೆ ಮೊದಲ ಕೆಲಸವಾಗಿ ಅಳಿಸುತ್ತೇನೆ ಎಂದೆ. ಈ ಸಿಮ್ಮಿನ ಆಸೆ ಬಿಟ್ಟು ಬೇರೆ ನಂಬರು ತೆಗೆದುಕೊಳ್ಳಿ ಎಂದೂ ಹೇಳಿದೆ. ‘ಅದು ನಂಗೂ ಗೊತ್ತಾಗುತ್ತೆ’ ಎಂದಳು.

ಮನೆ ಬಿಟ್ಟದ್ದು ಏಕೆ ಎಂದು ನಾನು ಕೇಳಲಿಲ್ಲ. ಹೊರಡುವಾಗ ಅವಳೇ ಹೇಳಿದಳು. ‘ಅವ್ರು ಹೊಡೆಯೋರಲ್ಲ ಮೇಡಂ. ಹಂಗಂತ ಬರ್ಕಬೇಡಿ. ಹೊಡೆಯೋರು ಅಂತ್ಲೂ ಬರ್ಕಬೇಡಿ. ಏನೂ ಬರ್ಕಬೇಡಿ.’ ದಿನಚರಿಯಲ್ಲಿ ಮೊದಲ ವಾಕ್ಯ ಮಾತ್ರ ಇದೆ. ಉಳಿದ ಮಾತನ್ನು ಅವಳು ನಿಜವಾಗಿ ಆಡಿದಳೋ, ಅಥವಾ ಆಮೇಲೆ ನನ್ನ ಮನಸ್ಸು ಸೇರಿಸಿಕೊಂಡಿತೋ ಹೇಳಲಾರೆ. ನನಗೆ ಕೂರಿ ಎನ್ನಲಿಲ್ಲ, ಥ್ಯಾಂಕ್ಸ್ ಎನ್ನಲಿಲ್ಲ. ನಾನು ಮೆಟ್ಟಿಲಿಳಿಯುವ ಮೊದಲೇ ಮಿಷನ್ ಮತ್ತೆ ಓಡತೊಡಗಿತ್ತು.

ಸೋಮವಾರ ಗಿರಿಧರ್ ಬರುವ ಹೊತ್ತಿಗೆ ಅಳಿಸುವ ವಿನಂತಿಯನ್ನು ಅವರ ಒಪ್ಪಿಗೆಗೆ ಕಳಿಸಿದ್ದೆ. ಇಂಥವನ್ನು ಸಾಮಾನ್ಯವಾಗಿ ವಾರಗಟ್ಟಲೆ ಬಾಕಿ ಇಡುತ್ತಿದ್ದೆವು. ಅವರು ನನ್ನನ್ನು ಕರೆದರು.

‘ಭಾನುವಾರ ಬಂದಿದೆ ವಿನಂತಿ.’

‘ಹೌದು.’

‘ಒಟಿಪಿ ಸರಿಯಾಗಿದೆ.’

‘ಹೌದು.’

‘ನಿನ್ನೆ ನೀವು ಎಲ್ಲಿದ್ರಿ ಮೇಡಂ?’

‘ತರೀಕೆರೆ ಕಡೆ ಹೋಗಿದ್ದೆ.’

ಅವರು ಪರದೆಯ ಕಡೆ ತಿರುಗಿದರು. ‘ಅದಕ್ಕೆ ಇಲ್ಲಿ ಕಾಲಂ ಇಲ್ಲ ಬಿಡಿ’ ಎಂದು ಒಪ್ಪಿಗೆ ಒತ್ತಿದರು. ವಿಳಾಸ ಹೋಯಿತು. ಧ್ವನಿಮುದ್ರಣ ಹೋಯಿತು. ಅಳಿಸಲಾಗಿದೆ ಎಂಬುದಕ್ಕೆ ಪುರಾವೆಯಾಗಿ ನಂಬರು ಮತ್ತು ದಿನಾಂಕ ಮಾತ್ರ ಉಳಿದವು. ಒಬ್ಬರನ್ನು ಮರೆತಿದ್ದೇವೆ ಎಂದು ತೋರಿಸಲು ಅವರ ನಂಬರು ನೆನಪಿಟ್ಟುಕೊಳ್ಳಬೇಕು. ಇಷ್ಟು ವರ್ಷ ಈ ಕೆಲಸ ಮಾಡಿಯೂ ಇದಕ್ಕೆ ಬೇರೆ ದಾರಿ ನನಗೆ ಕಾಣಲಿಲ್ಲ.

ಮಧ್ಯಾಹ್ನ ಲೋಕೇಶ ಬಂದ. ಸಿಮ್ಮು ಮಾಡಿಸಿದ್ದ. ಒಟಿಪಿ ಕಳಿಸಿದೆ, ಅಂಕಿಗಳನ್ನು ಸರಿಯಾಗಿ ಹೇಳಿದ. ಪರದೆಯಲ್ಲಿ ಬಂದದ್ದನ್ನು ಹಾಗೆಯೇ ಓದಿದೆ. ವಿನಂತಿಯ ಮೇರೆಗೆ ಮಾಹಿತಿ ಅಳಿಸಲಾಗಿದೆ.

‘ಯಾರ್ ಕೇಳಿದ್ದು ಅಳಿಸಿ ಅಂತ? ಸಿಮ್ಮು ನಂದು.’

‘ಕೇಳಿದಾಗ ಸಿಮ್ಮು ಯಾರ ಫೋನಲ್ಲಿತ್ತೋ ಅವರು.’

‘ಯಾವಾಗ?’

‘ನಿನ್ನೆ.’

ಅವನು ಕೂಗಾಡುತ್ತಾನೆ ಎಂದುಕೊಂಡಿದ್ದೆ. ಪಕ್ಕದ ಮೇಜಿನ ರೇಖಾ ಕೂಡ ಮಾತು ನಿಲ್ಲಿಸಿ ನೋಡುತ್ತಿದ್ದಳು. ಅವನು ಕೂಗಲಿಲ್ಲ. ಫೋನನ್ನು ಅಂಗೈಯಲ್ಲಿ ಒಮ್ಮೆ ತಿರುಗಿಸಿ ನೋಡಿದ.

‘ನಿನ್ನೆ ಅವ್ಳೇ ಒತ್ತವ್ಳೆ ಹಂಗಾದ್ರೆ.’

ನಾನು ದಾಖಲೆಯ ಪುಟ ಮುಚ್ಚಿದೆ.

‘ಅಡ್ರೆಸ್ ಬ್ಯಾಡ ಬಿಡಿ ಮೇಡಂ’ ಎಂದ. ಆಮೇಲೆ ನನ್ನ ಮುಖವನ್ನೇ ನೋಡುತ್ತ ಕೇಳಿದ. ‘ಚೆನ್ನಾಗವ್ಳಾ? ಅಷ್ಟ್ ಹೇಳಿ ಸಾಕು.’

ಅದು ಬಲೆಯೋ, ನಿಜವಾದ ಪ್ರಶ್ನೆಯೋ ಎಂದು ಅಂದು ತಿಳಿಯಲಿಲ್ಲ, ಇಂದೂ ತಿಳಿದಿಲ್ಲ. ಅವಳು ಚೆನ್ನಾಗಿದ್ದಾಳೆ ಎಂದರೆ ನಾನು ನೋಡಿದ್ದೇನೆ ಎಂದಾಗುತ್ತದೆ.

‘ನಮ್ಮಲ್ಲಿ ಯಾವ ಮಾಹಿತಿನೂ ಇಲ್ಲ’ ಎಂದೆ.

ಅವನು ಎದ್ದ. ಕುರ್ಚಿಯನ್ನು ಮೊದಲಿದ್ದ ಕಡೆಗೇ ಸರಿಸಿಟ್ಟು ಮೆಟ್ಟಿಲಿಳಿದು ಹೋದ. ಬಂದವರ ಬಗ್ಗೆ ದಾಖಲೆಯಲ್ಲಿ ಒಂದು ಸಾಲು ಬರೆಯುವುದು ಕ್ರಮ. ‘ಅರ್ಜಿದಾರರು ಕೇಳಿದ ಮಾಹಿತಿ ಲಭ್ಯವಿಲ್ಲ’ ಎಂದು ಬರೆದು, ಮುಂದಿನ ಕರೆ ಕೇಳಲು ಹೆಡ್‌ಫೋನ್ ಹಾಕಿಕೊಂಡೆ.